ಶಾಲಿಗೆ ಸಿಕ್ಕಿಸಿದ ಮೈಕು

ಮಾರ್ಚ್ ೧೧, ಸೋಮವಾರ

ಮಾತು ಕಳೆದುಕೊಂಡವರಿಗೆ ಮರಳಿ ಕಲಿಸುವ ಸಂಸ್ಥೆಯ ಸುದ್ದಿಪತ್ರ ಇಂದು ಬೆಳಿಗ್ಗೆ ಫೋನಿಗೆ ಬಂದಿತು. ಶನಿವಾರ ಸಂಜೆಯ ನಿಧಿಸಂಗ್ರಹ ಸಮಾರಂಭದ ವರದಿಯನ್ನು ನಿರ್ದೇಶಕಿ ಸ್ವತಃ ಬರೆದಿದ್ದಾಳೆ. ಜೀವಮಾನವಿಡೀ ಮಕ್ಕಳ ಪ್ರಬಂಧಗಳನ್ನು ತಿದ್ದಿದ ಕೈ ನನ್ನದು. ತಪ್ಪನ್ನು ಕಂಡೂ ಸುಮ್ಮನಿರುವುದು ಇದಕ್ಕೆ ತಿಳಿಯದು. ಬೇರೆ ಯಾರೂ ಓದದ ಈ ಪುಟದಲ್ಲಾದರೂ ನಡೆದದ್ದು ನಡೆದಂತೆ ಇರಲಿ.

"ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡಿದ್ದ ನಮ್ಮ ಶಿಬಿರಾರ್ಥಿಯೊಬ್ಬರು ಅಕ್ಕನ ಪ್ರೋತ್ಸಾಹದ ನೆರಳಿನಲ್ಲಿ ನಿರರ್ಗಳವಾಗಿ ಮಾತನಾಡಿ ಸಭಿಕರ ಕಣ್ಣುಗಳನ್ನು ತೇವಗೊಳಿಸಿದರು" ಎಂದಿದೆ. ಆ ಶಿಬಿರಾರ್ಥಿ ನನ್ನ ತಂಗಿ. ಆ ಅಕ್ಕ ನಾನು. ತಂಗಿ ನಿರರ್ಗಳವಾಗಿ ಮಾತನಾಡಲಿಲ್ಲ. "ನಾನು" ಎಂದಳು, ತಡವರಿಸಿದಳು, ಮತ್ತೆ "ನಾನು" ಎಂದಳು, ಬಾಯಿ ತೆರೆದು ಏನನ್ನೋ ಹುಡುಕಿದಳು. ಕೊನೆಗೆ ಪಕ್ಕದಲ್ಲಿ ನಿಂತಿದ್ದ ನನ್ನ ಕಡೆಗೆ ತಿರುಗಿ "ಬ್ರೇಕ್!" ಎಂದು ವೇದಿಕೆಯಿಂದ ಇಳಿದುಬಿಟ್ಟಳು. ಸಭಿಕರ ಕಣ್ಣುಗಳೂ ತೇವವಾಗಿರಲಿಲ್ಲ. ಅವು ತಟ್ಟೆಗಳ ಮೇಲಿದ್ದವು.

"ಸಭಾಂಗಣ ಕಿಕ್ಕಿರಿದಿತ್ತು" ಎಂಬುದೂ ಸುಳ್ಳು. ಹಿಂದಿನ ಮೇಜುಗಳು ಖಾಲಿಯಿದ್ದುದರಿಂದ ಅಲ್ಲಿದ್ದವರನ್ನೆಲ್ಲ ಕುರಿಮಂದೆಯಂತೆ ಮುಂದಕ್ಕೆ ದಬ್ಬಿ, ಕ್ಯಾಮೆರಾದ ಕಣ್ಣಿಗೆ ಬೀಳುವ ಭಾಗವನ್ನಷ್ಟೇ ತುಂಬಿಸಲಾಗಿತ್ತು. ಕೊನೆಯಲ್ಲಿ "ಉಪಸ್ಥಿತರಿದ್ದ ಗಣ್ಯರು" ಎಂದು ಹೆಸರುಗಳ ಸಾಲು. ವರದಿಗಿಂತ ಅದೇ ಉದ್ದ. ಅವರಲ್ಲಿ ಅರ್ಧ ಜನ ಬಂದೇ ಇರಲಿಲ್ಲ. ಬಂದವರಲ್ಲಿ ಹಲವರು ಊಟ ಮುಗಿಸಿ, ಬಾಯಿ ಒರೆಸಿಕೊಂಡು, ತಂಗಿ ವೇದಿಕೆ ಏರುವ ಮೊದಲೇ ಹೊರಟುಹೋಗಿದ್ದರು. ತಂಗಿಯ ಹೆಸರಾಗಲಿ, ಅವಳೊಡನೆ ಕಲಿಯುವ ಇತರರ ಹೆಸರಾಗಲಿ ಆ ಸಾಲಿನಲ್ಲಿಲ್ಲ.

ಆ ಸಂಜೆ ಇನ್ನೂ ಮೂಗಿನಲ್ಲಿ ಉಳಿದಿದೆ. ಬಲೂನುಗಳ ರಬ್ಬರಿನ ವಾಸನೆ, ಅದರ ಮೇಲೆ ಅತ್ತರಿನ ವಾಸನೆ, ಎರಡರ ಮೇಲೂ ಎಣ್ಣೆ ಜಿನುಗುವ ತಿಂಡಿಗಳ ವಾಸನೆ. ನಿರೂಪಕನೊಬ್ಬ ಪ್ರತಿ ವಾಕ್ಯವನ್ನೂ "ಸೋ" ಎಂದು ಆರಂಭಿಸಿ ಎಲ್ಲಿಯೂ ಮುಗಿಸದೆ ಕೈಬಿಡುತ್ತಿದ್ದ. ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ಕನ್ನು ಹಿಡಿದು ನಿಂತ ದಾನಿಯೊಬ್ಬ, ಫೋಟೊ ಸರಿಯಾಗಿ ಬರಲಿಲ್ಲವೆಂದು ಅದನ್ನು ಹಿಂದಕ್ಕೆ ಪಡೆದು ಮತ್ತೊಮ್ಮೆ ಕೊಟ್ಟ. ಔದಾರ್ಯವನ್ನು ಎರಡು ಸಲ ಅಭಿನಯಿಸಬಹುದೆಂದು ಅಂದೇ ತಿಳಿದದ್ದು.

ಇದೆಲ್ಲವನ್ನೂ ಹಿಡಿಯಲು ಕ್ಯಾಮೆರಾದವನೊಬ್ಬನಿದ್ದ. ವೇದಿಕೆಯ ಕಾರ್ಯಕ್ರಮಕ್ಕೆ ಮೊದಲು ನನ್ನನ್ನು ಮೂಲೆಗೆ ಕರೆದೊಯ್ದು, ನನ್ನ ಶಾಲಿನ ಅಂಚಿಗೆ ಕರಿಯ ಜೀರುಂಡೆಯಂಥ ಮೈಕೊಂದನ್ನು ಸಿಕ್ಕಿಸಿ, ಅದರ ಡಬ್ಬಿಯನ್ನು ನನ್ನ ಕೈಚೀಲದೊಳಗಿಟ್ಟು, "ತಂಗಿ ಬಗ್ಗೆ ಎರಡು ಮಾತು ಹೇಳಿ ಮೇಡಂ" ಎಂದ. ಹೇಳಿದೆ. ಚೆನ್ನಾಗಿಯೇ ಹೇಳಿದೆ. ಅಷ್ಟರಲ್ಲಿ ರಟ್ಟಿನ ಚೆಕ್ಕು ಬಂತೆಂದು ಅವನು ಓಡಿದ. ಆ ಜೀರುಂಡೆಯನ್ನು ತೆಗೆಯುವುದನ್ನೇ ಮರೆತ. ಮನೆಗೆ ಬಂದು ಶಾಲು ಮಡಿಸುವಾಗ ಅದು ಕೈಗೆ ತಗುಲಿ ಮೈ ಜುಮ್ಮೆಂದಿತು. ಮರುದಿನವೇ ಸಂಸ್ಥೆಗೆ ತಲುಪಿಸಿದೆ. ಬೇರೆಯವರ ವಸ್ತು ನಮ್ಮ ಮನೆಯಲ್ಲಿರಬಾರದು.

ಇನ್ನೊಂದು ವಿಚಿತ್ರ. ಅತಿಥಿಗಳು ಹೋದ ಮೇಲೆ ಆ ಮನುಷ್ಯ ಕೈಯೆತ್ತಿ, "ಯಾರೂ ಮಾತಾಡಬೇಡಿ, ಅಲ್ಲಾಡಬೇಡಿ, ರೂಮಿನ ಸದ್ದು ತಗೋತೀನಿ" ಎಂದ. ಪ್ರತಿ ಕೋಣೆಯ ನಿಶ್ಶಬ್ದವೂ ಬೇರೆ ಬೇರೆಯಂತೆ; ಮಾತನ್ನು ಕತ್ತರಿಸಿ ಜೋಡಿಸುವಾಗ ನಡುವಿನ ಬಿರುಕಿಗೆ ಅದನ್ನು ತುಂಬಬೇಕಂತೆ. ಏನೂ ಇಲ್ಲದ್ದನ್ನು ಹಿಡಿದುಕೊಂಡು ಹೋಗಿ ಅದಕ್ಕೂ ಸಂಭಾವನೆ ಪಡೆಯುವ ವೃತ್ತಿ.

ತಂಗಿ ಶನಿವಾರದಿಂದ ತುಟಿ ಬಿಚ್ಚಿಲ್ಲ. ಆ ದೀಪಗಳು, ಆ ಗದ್ದಲ, ಆ ಕ್ಯಾಮೆರಾ. ಯಾರಿಗೆ ತಾನೆ ಗಂಟಲು ಕಟ್ಟದು?


ಮಾರ್ಚ್ ೧೩, ಬುಧವಾರ

ತಂಗಿಯನ್ನು ಮಧ್ಯಾಹ್ನದ ತರಗತಿಗೆ ಕರೆದೊಯ್ದಿದ್ದೆ. ಹೋದಳು, ಕುಳಿತಳು, ಕಿಟಕಿಯಾಚೆಗೆ ನೋಡುತ್ತ ಇದ್ದುಬಿಟ್ಟಳು. ಚಿತ್ರ ತೋರಿಸಿದರೆ ಬೆರಳಿಡುತ್ತಾಳೆ. ಬಾಯಿ ಮಾತ್ರ ಬೀಗ.

ಈ ತಂಗಿ ವಾಹನ ಚಾಲನೆ ಕಲಿಸುತ್ತಿದ್ದವಳು. ಹೆದರಿ ನಡುಗುವ ಹೆಂಗಸರನ್ನು ಚಾಲಕರ ಸೀಟಿನಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ಕುಳಿತು, ನಗಿಸಿ, ಬೈದು, ಊರ ಬೀದಿಗಳಲ್ಲೆಲ್ಲ ಸುತ್ತಿಸುತ್ತಿದ್ದಳು. ಅವಳ ಬಾಯಿಗೆ ಬಿದ್ದವರು ಉಳಿದದ್ದುಂಟೆ! ಕಳೆದ ವರ್ಷ ಆಘಾತವಾಗಿ ಬಲಗೈ ಸೋತಿತು, ಮಾತು ಹೋಯಿತು. ಈ ಸಂಸ್ಥೆಯ ತರಗತಿಗೆ ಬರತೊಡಗಿದ ಮೇಲೆ ಕೆಲವು ಪದಗಳು ಮರಳಿದವು. ಆದರೆ ಎಲ್ಲವೂ ಅವಳ ಹಳೆಯ ಕಾರಿನ ಬಿಡಿಭಾಗಗಳು. ಬೇಡ ಎನ್ನಲು "ಬ್ರೇಕ್". ಸದಾ ಕೈಬೀಸುತ್ತ ಅತ್ತ ಹೋಗುತ್ತೇನೆಂದು ಇತ್ತ ಹೋಗುವ ನಿರ್ದೇಶಕಿಗೆ "ಇಂಡಿಕೇಟರ್". ಕೈ ಒತ್ತಿ "ನಿಧಾನ, ನಿಧಾನ" ಎನ್ನುವ ಮಾತಿನ ಟೀಚರಿಗೆ "ಕ್ಲಚ್". ಅದೇ ತರಗತಿಗೆ ಬರುವ ಹಿರಿಯ ಬಡಗಿಯೊಬ್ಬರಿಗೆ ಬಾಯಿ ತೆರೆದರೆ ಅಂಕಿಗಳಷ್ಟೇ ಬರುತ್ತವೆ, ಅವರು "ಮೀಟರ್". ಕ್ಯಾಮೆರಾದವನು ಮೊದಲ ಸಲ ಬಂದಾಗ ಅವನ ಕ್ಯಾಮೆರಾದ ಗಾಜಿನಲ್ಲಿ ತನ್ನ ಮುಖ ಕಂಡು "ಕನ್ನಡಿ" ಎಂದಳು.

ಒಡಹುಟ್ಟಿದ ನನಗೆ "ಹಾರ್ನ್".

"ಅಕ್ಕ ಅನ್ನು. ಅ, ಕ್ಕ. ಮಗು ಕೂಡ ಹೇಳುತ್ತೆ" ಎಂದು ಎಷ್ಟು ಸಲ ಹೇಳಿಕೊಟ್ಟಿಲ್ಲ! ಅವಳು ನಕ್ಕು, ನನ್ನ ಕೆನ್ನೆ ಮುಟ್ಟಿ, "ಹಾರ್ನ್" ಎನ್ನುವಳು. "ಬೇಕಾದ ಪದ ಸಿಗದಿದ್ದಾಗ ಪಕ್ಕದ ಕಪಾಟಿನದು ಕೈಗೆ ಬರುತ್ತೆ ಟೀಚರ್, ಬಿಡಿ. ಕೈಗೆ ಏನೋ ಒಂದು ಬಂತಲ್ಲ, ಅದೇ ದೊಡ್ಡದು" ಎಂದು ಮಾತಿನ ಟೀಚರ್ ನನಗೇ ಬುದ್ಧಿ ಹೇಳಿದ್ದಳು. ಆ ಅಪಶಬ್ದಗಳನ್ನು ನಾನೆಂದೂ ಬಳಸಲಾರೆ. ಈ ಪುಟದಲ್ಲಿಯೂ ಇದೇ ಕೊನೆ.

ತರಗತಿಯ ನಂತರ ನಿರ್ದೇಶಕಿ ತನ್ನ ಕೋಣೆಗೆ ಕರೆದಳು. "ಟೀಚರ್, ರೀಕ್ಯಾಪ್ ವಿಡಿಯೋ ಮಾಡ್ತಿದ್ದೀವಿ. ಬರದೇ ಇದ್ದ ದಾನಿಗಳಿಗೆ ಕಳಿಸೋಕೆ. ಇದು ಅವರಿಗೆ ಹಿಡಿಸಲಿಲ್ಲ ಅಂದ್ರೆ ಮಧ್ಯಾಹ್ನದ ತರಗತಿ ನಿಲ್ಲಿಸಬೇಕಾಗುತ್ತೆ, ನಿಮ್ಮ ಹತ್ರ ಮುಚ್ಚಿಡೋದೇನು" ಎಂದಳು. ಅವಳು ಏನೆಂದರೂ ನಾನದನ್ನು ಸಂಗ್ರಹಚಿತ್ರ ಎನ್ನುತ್ತೇನೆ. ಅದಕ್ಕೆ ಹಿನ್ನೆಲೆಯ ನಿರೂಪಣೆಯನ್ನು ನಾನು ಓದಬೇಕು. ಅಷ್ಟೇ ಅಲ್ಲ, ವೇದಿಕೆಯಲ್ಲಿ ತಂಗಿ ಹೇಳಬೇಕಾಗಿದ್ದ ಮಾತುಗಳನ್ನೂ ನಾನೇ ಓದಬೇಕು. ತೆರೆಯ ಮೇಲೆ ಅವಳ ಮುಖ, ಕೇಳುವುದು ನನ್ನ ದನಿ.

"ನಿಮ್ಮ ತಂಗಿಗೂ ಮರ್ಯಾದೆ ಉಳಿಯುತ್ತೆ" ಎಂದಳು.

ಒಪ್ಪಿದೆ. ಆ ಮಾತುಗಳನ್ನು ಬರೆದುಕೊಟ್ಟವಳು ಹೇಗೂ ನಾನೇ. "ಮಾತನ್ನು ಕಳೆದುಕೊಂಡಿದ್ದ ನನಗೆ ಈ ಸಂಸ್ಥೆಯು ಮಾತಿನೊಂದಿಗೆ ಮರುಜನ್ಮವನ್ನೇ ನೀಡಿದೆ." ಒಳ್ಳೆಯ ವಾಕ್ಯ. ಯಾರ ಕಿವಿಗೂ ಬೀಳದೆ ವ್ಯರ್ಥವಾಗಬಾರದು.


ಮಾರ್ಚ್ ೧೫, ಶುಕ್ರವಾರ

ಅಸಹ್ಯಕ್ಕೂ ಒಂದು ಎಲ್ಲೆಯಿದೆ ಎಂದು ತಿಳಿದಿದ್ದೆ.

ಶನಿವಾರದ ಚಪ್ಪಾಳೆ ಸಾಕಷ್ಟು ಬರಲಿಲ್ಲವಂತೆ. ಅದಕ್ಕಾಗಿ ಇಂದು ಅದೇ ಸಭಾಂಗಣದಲ್ಲಿ ಸಂಸ್ಥೆಯ ಸ್ವಯಂಸೇವಕರನ್ನೂ ಕಲಿಯಲು ಬರುವವರನ್ನೂ ಕೂರಿಸಿ ಖಾಲಿ ವೇದಿಕೆಗೆ ಚಪ್ಪಾಳೆ ತಟ್ಟಿಸಿದರು. ಉದುರಿದ ಬಲೂನೊಂದು ಮೂಲೆಯಲ್ಲಿ ಸುಕ್ಕುಗಟ್ಟಿ ಬಿದ್ದಿತ್ತು. ಕ್ಯಾಮೆರಾದವನು ಮುಂದೆ ಬಗ್ಗಿ ನಿಂತು, "ಇನ್ನೂ ಸ್ವಲ್ಪ ಮನಸ್ಸಿಟ್ಟು... ಹಾಂ, ಅಕ್ಕಾ, ನೀವು ಕಣ್ಣು ಒರೆಸ್ಕೊಳ್ಳಿ. ಕನ್ನಡಕ ತೆಗೆದು ಒರೆಸ್ಕೊಳ್ಳಿ. ಈಗ ನಗ್ತಾ ನಗ್ತಾ ಅಳಬೇಕು" ಎಂದು ನಿರ್ದೇಶಿಸುತ್ತಿದ್ದ. ಅವನೆದುರು ಕುಳಿತಿದ್ದ ಹೆಂಗಸು ಕನ್ನಡಕವನ್ನೇ ಒರೆಸಿಕೊಂಡಳು.

ಹಿರಿಯ ಬಡಗಿಗೆ ಸಿಟ್ಟು ಬಂತು. "ಹದಿನಾಲ್ಕು!" ಎಂದರು. "ಅರವತ್ತು! ಅರವತ್ತು!" ಎಂದು ಎದ್ದು ನಿಂತರು. ಅರ್ಥದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. "ಸೂಪರ್ ಅಂಕಲ್, ಇದೇ ಎಕ್ಸ್‌ಪ್ರೆಶನ್ ಇಟ್ಕೊಳ್ಳಿ" ಎಂದ ಕ್ಯಾಮೆರಾದವನು.

ತಂಗಿ ಚಪ್ಪಾಳೆ ತಟ್ಟಲಿಲ್ಲ. ಒಂದು ಕೈ ಸೋತಿರುವುದರಿಂದ ತೊಡೆಯ ಮೇಲೆ ತಟ್ಟುವ ಅಭ್ಯಾಸವಿದೆ ಅವಳಿಗೆ, ಅದನ್ನೂ ಮಾಡಲಿಲ್ಲ. ವೇದಿಕೆಯ ಮೇಲೆ ತಾನು ನಿಂತಿದ್ದ ಜಾಗವನ್ನೇ ನೋಡುತ್ತಿದ್ದಳು. "ತಲೆ ಎತ್ತಿ ಕೂತ್ಕೋ, ಬೆನ್ನು ನೆಟ್ಟಗೆ" ಎಂದು ನಾನು ಪಿಸುಗುಟ್ಟಿದಾಗ ಕುರ್ಚಿಯನ್ನು ಎಡಗೈಯಿಂದ ನನ್ನಿಂದಾಚೆಗೆ ಸರಿಸಿಕೊಂಡಳು.

ರಾತ್ರಿ ಊಟಕ್ಕೆ ಕುಳಿತಾಗ ಉಪ್ಪು ಬೇಕಾಗಿತ್ತು ಅವಳಿಗೆ. ಬಾಯಿಂದ ಕೇಳಲಿ ಎಂದು ಉಪ್ಪಿನ ಡಬ್ಬಿಯನ್ನು ನನ್ನ ಕೈಯಲ್ಲೇ ಹಿಡಿದುಕೊಂಡೆ. ಅಭ್ಯಾಸ ತಪ್ಪಬಾರದಲ್ಲ. ಅವಳು ಉಪ್ಪಿಲ್ಲದೆಯೇ ಊಟ ಮುಗಿಸಿ ಎದ್ದಳು.

ಆ ಅಪಶಬ್ದ ಕಿವಿಗೆ ಬೀಳದೆ ಒಂದು ವಾರವಾಗುತ್ತ ಬಂತು. ನೆಮ್ಮದಿಯೆನಿಸಬೇಕಿತ್ತು.


ಮಾರ್ಚ್ ೧೮, ಸೋಮವಾರ

ಕ್ಯಾಮೆರಾದವನ ಕೆಲಸದ ಕೋಣೆ ಬಟ್ಟೆ ಒಗೆಯುವ ಅಂಗಡಿಯೊಂದರ ಮೇಲಿದೆ. ಮೆಟ್ಟಿಲು ಹತ್ತುವಾಗಲೇ ಬಿಸಿ ಸಾಬೂನಿನ ಹಬೆ ಮೂಗಿಗೆ ಹೊಡೆಯುತ್ತದೆ. ಒಳಗೆ ಕಿಟಕಿಗಳಿಗೆ ಕರಿಯ ಬಟ್ಟೆ, ಮೇಜಿನ ತುಂಬ ಎಂಜಲು ಲೋಟಗಳು, ಕೀಲಿಮಣೆಯ ಸಂದಿಗಳಲ್ಲಿ ಬಿಸ್ಕತ್ತಿನ ಪುಡಿ. ಕುರ್ಚಿಯನ್ನು ತನ್ನ ಅಂಗಿಯ ತೋಳಿನಿಂದಲೇ ಒರೆಸಿ "ಕೂತ್ಕೊಳ್ಳಿ ಮೇಡಂ" ಎಂದ. ಅಂಚಿನಲ್ಲಿ ಕುಳಿತೆ.

ನನ್ನ ಓದಿನ ಧ್ವನಿಮುದ್ರಣಕ್ಕೆ ಹೋಗಿದ್ದು. ತಂಗಿಯ ತುಟಿಗಳು ಎಷ್ಟು ಹೊತ್ತು ಅಲುಗುತ್ತವೆಂದು ತಿಳಿಯದೆ ಹೇಗೆ ಓದಲಿ? ಶನಿವಾರದ ಆ ಭಾಗವನ್ನು ತೋರಿಸು ಎಂದೆ.

"ಬೇಡ ಮೇಡಂ. ಸೌಂಡ್ ಸರಿಯಾಗಿ ಬಂದಿಲ್ಲ. ಅದಕ್ಕೇ ಅಲ್ವಾ ನಿಮ್ಮ ವಾಯ್ಸ್ ಹಾಕ್ತಿರೋದು."

"ಸರಿಯಿಲ್ಲದ್ದನ್ನೇ ತೋರಿಸಪ್ಪ. ಸರಿಯಿಲ್ಲದ್ದು ನೋಡೋದೇ ನನ್ನ ಕಸುಬಾಗಿತ್ತು."

ತಲೆ ಕೆರೆದುಕೊಂಡು ಒತ್ತಿದ. ತೆರೆಯ ಮೇಲೆ ತಂಗಿಯ ಮುಖ ಬಂತು, ಇಡೀ ತೆರೆ ತುಂಬುವಷ್ಟು ದೊಡ್ಡದಾಗಿ. ವೇದಿಕೆಯಲ್ಲಿ ನಾನು ಪಕ್ಕದಿಂದ ಕಂಡ ಮುಖವಲ್ಲ ಅದು. ಹೆದರಿದ ಮುಖವೇ ಅಲ್ಲ. ಕಲಿಯಲು ಬಂದವಳು ಗಾಡಿ ತಿರುಗಿಸುವಾಗ ಅವಳು ಮುಂದಿನ ಬೀದಿಯನ್ನು ನೋಡುತ್ತಿದ್ದ ಹಾಗೆ ಕಣ್ಣನ್ನು ದೂರದಲ್ಲಿ ನೆಟ್ಟಿದ್ದಳು. ಬಾಯಿ ತೆರೆಯಿತು.

ಆಗ ಕೇಳಿದ್ದು ಬೇರೊಂದು ದನಿ. ಬುಸ್ ಬುಸ್ ಎನ್ನುವ ಉಸಿರು, ನಾಲಿಗೆ ಲೊಚಗುಟ್ಟುವ ಸದ್ದು, "ಹಾಗಲ್ಲ... ಹಾಗಲ್ಲ... ಬಾಯಿ ತೆಗಿ ಸರಿಯಾಗಿ..." ತಂಗಿಯ "ನಾನು" ಅದರ ಅಡಿಯಲ್ಲಿ ಎಲ್ಲೋ ದೂರದಿಂದ ಬಂದಂತಿತ್ತು.

"ಯಾರಪ್ಪ ಈ ಹೆಂಗಸು? ಅವಳಿಗೆ ಒಂದು ಮಾತೂ ಆಡೋಕೆ ಬಿಡ್ತಿಲ್ಲವಲ್ಲ! ಯಾವ ಮೇಜಿನವಳು? ಮೊದಲು ಇವಳನ್ನ ಕತ್ತರಿಸಿ ಬಿಸಾಡು."

ಅವನು ತೆರೆಯನ್ನು ನಿಲ್ಲಿಸಿದ. ತನ್ನ ಕೈಬೆರಳುಗಳನ್ನು ನೋಡಿಕೊಂಡ.

"ಮೇಡಂ... ಅದು ನೀವೇ."

ಕೆಳಗೆ ಒಗೆಯುವ ಯಂತ್ರವೊಂದು ಗಡಗಡ ತಿರುಗಿ ನಿಂತಿತು.

"ತಪ್ಪು ನಂದೇ ಮೇಡಂ" ಎಂದು ಅವನು ಗಡಿಬಿಡಿಯಿಂದ ಹೇಳತೊಡಗಿದ. "ಮೈಕು ನಿಮ್ಮ ಶಾಲಲ್ಲೇ ಉಳಿದುಹೋಯ್ತು. ತೆಗೆದು ಅವರಿಗೆ ಹಾಕಬೇಕಿತ್ತು. ಚೆಕ್ಕು ಚೆಕ್ಕು ಅಂತ ಕೂಗಿದ್ರು, ಓಡಿಬಿಟ್ಟೆ. ಡೈರೆಕ್ಟರ್‌ಗೆ ಹೇಳಬೇಡಿ ಮೇಡಂ, ಇನ್ನೊಂದು ಸಲ ಕೆಲಸಕ್ಕೆ ಕರೆಯಲ್ಲ."

ಮತ್ತೊಮ್ಮೆ ಹಾಕು ಎಂದೆ. ದನಿ ಹೆಚ್ಚಿಸು ಎಂದೆ. ಹಾಕಿದ.

ಎಲ್ಲ ಪದಗಳೂ ಸ್ಪಷ್ಟವಾಗಿ ಬಂದವು. ಉಚ್ಚಾರಣೆಯಲ್ಲಿ ದೋಷವಿಲ್ಲ. "ನಾನು ಅಲ್ಲ. 'ಮಾತನ್ನು' ಅನ್ನು. 'ಮಾತನ್ನು ಕಳೆದುಕೊಂಡಿದ್ದ'... ಎಷ್ಟು ಸಲ ಹೇಳಿಕೊಡಬೇಕು?... ಹಾಗಲ್ಲ... ಎಲ್ಲರೂ ನೋಡ್ತಿದ್ದಾರೆ, ನನ್ನ ಮಾನ ಕಳೀಬೇಡ." ಪ್ರತಿ ಸಲ ತಂಗಿಯ ಬಾಯಿ ತೆರೆದಾಗಲೂ ಆ ದನಿ ಅದರ ಮೇಲೆ ಬಂದು ಕುಳಿತುಕೊಳ್ಳುತ್ತಿತ್ತು. ಅದರ ಕೆಳಗಿನಿಂದ, ಕಿವಿಗೊಟ್ಟು ಕೇಳಿದರೆ, "ರ..." ಎಂದಳು ಅವಳು. ಮತ್ತೆ "ರಸ್..." ಎಂದಳು.

ನಾನು ಬರೆದುಕೊಟ್ಟ ವಾಕ್ಯಗಳಲ್ಲಿ ಅಂಥ ಪದವೇ ಇರಲಿಲ್ಲ. ಅವಳು ಹೇಳಹೊರಟದ್ದು ಬೇರೆ ಏನೋ.

ಧ್ವನಿಮುದ್ರಣ ಇನ್ನೊಂದು ದಿನ ಇರಲಿ, ನನ್ನ ಗಂಟಲು ಸರಿಯಿಲ್ಲ ಎಂದು ಹೇಳಿ ಬಂದೆ.


ಮಾರ್ಚ್ ೧೯, ಮಂಗಳವಾರ

ಬೆಳಗಿನ ತಿಂಡಿಯನ್ನು ತಟ್ಟೆಯಲ್ಲೇ ಬಿಟ್ಟೆ. ಆ ಕೋಣೆಯ ಸಾಬೂನಿನ ಹಬೆಯೇ ಕಾರಣವಿರಬೇಕು.

ಊಟದ ಮೇಜಿನ ಮೇಲೆ ಉಪ್ಪನ್ನು ಅವಳ ಎಡಗೈಯ ಬಳಿ ಇಟ್ಟೆ.


ಮಾರ್ಚ್ ೨೧, ಗುರುವಾರ

ಸಂಸ್ಥೆಗೆ ಹೋಗಿ ನಿರ್ದೇಶಕಿಗೆ ಹೇಳಿದೆ: ತಂಗಿಯ ಮುಖದ ಮೇಲೆ ನನ್ನ ದನಿ ಬೇಡ. ಅವಳ ಮಾತನ್ನು ಮತ್ತೊಮ್ಮೆ ಚಿತ್ರೀಕರಿಸಲಿ. ಅವಳು ಏನು ಹೇಳುತ್ತಾಳೋ ಅದು, ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು.

"ಟೀಚರ್, ನೀವೇ ಒಪ್ಪಿದ್ರಲ್ಲ?" ಎಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈಬೀಸಿದಳು. "ಮೊದಲೇ ಮಾತಿಲ್ಲ. ನಡುವೆ ಅಷ್ಟುದ್ದ ಗ್ಯಾಪ್ ಇದ್ರೆ ಯಾರು ನೋಡ್ತಾರೆ? ಬೆರಳಲ್ಲಿ ಮುಂದಕ್ಕೆ ತಳ್ಳಿಬಿಡ್ತಾರೆ."

"ಅವಳೊಂದು ಪದ ಹುಡುಕೋವರೆಗೂ ಕಾಯಲಾರದವರ ದುಡ್ಡಿನಿಂದ ನೀವು ಮಾತು ಕಲಿಸಬೇಕೇ?"

"ಮತ್ತೆ ಯಾರ ದುಡ್ಡಿಂದ ಕಲಿಸಲಿ, ಹೇಳಿ?" ಎಂದಳು. ಕೈಬೀಸದೆ, ಮೆಲ್ಲಗೆ. "ನನಗೇನು ಬಲೂನು ಕಟ್ಟೋ ಹುಚ್ಚಾ ಟೀಚರ್? ಆ ರಟ್ಟಿನ ಚೆಕ್ಕನ್ನ ಎರಡನೇ ಸಲ ತಗೊಳ್ಳೋವಾಗ ನನಗೆ ಎಷ್ಟು ನಾಚಿಕೆ ಆಯ್ತು ಗೊತ್ತಾ? ಹಲ್ಲು ಬಿಟ್ಕೊಂಡು ನಿಂತಿದ್ದೆ."

ಚೌಕಾಸಿಗೆ ಇಳಿದೆ, ಬರೆಯಲೂ ನಾಚಿಕೆಯಾಗುತ್ತದೆ. ಉಳಿದ ನಿರೂಪಣೆಯನ್ನು ನಾನು ಓದಿಕೊಡುತ್ತೇನೆ, ಅವಳ ವರದಿಗಳನ್ನು ಇನ್ನು ಮುಂದೆ ಪುಕ್ಕಟೆಯಾಗಿ ತಿದ್ದಿಕೊಡುತ್ತೇನೆ, ದಾನಿಗಳ ಗುಣಗಾನವನ್ನೂ ಉಗುಳು ನುಂಗಿಕೊಂಡು ಓದುತ್ತೇನೆ. ಪ್ರತಿಯಾಗಿ ತಂಗಿಯ ಮಾತಿನಲ್ಲಿ ಒಂದು ಉಸಿರನ್ನೂ ಕತ್ತರಿಸಬಾರದು. ನಿರ್ದೇಶಕಿ ಒಪ್ಪಿದಳು. ತರಕಾರಿ ಅಂಗಡಿಯಿಂದ ಹೊರಬಂದಂತಾಯಿತು.

ಸಭಾಂಗಣ ಶನಿವಾರ ಬೆಳಿಗ್ಗೆ ಬಿಡುವಿದೆ. ಕನ್ನಡಿ ಸಹ ಬರುತ್ತಾನೆ. ಕ್ಯಾಮೆರಾದವನು ಎಂದು ಬರೆಯಬೇಕಿತ್ತು.

ಈಗ ಉಳಿದದ್ದು ತಂಗಿ. ಇವರೆಲ್ಲ ಒಪ್ಪಿದರೂ ಅವಳು ಬಾಯಿ ಬಿಡದಿದ್ದರೆ?

ಸಂಜೆ ಅವಳ ಹಾಸಿಗೆಯ ತುದಿಯಲ್ಲಿ ಕುಳಿತೆ. ಹೇಗೆ ಆರಂಭಿಸಬೇಕೆಂದು ತಿಳಿಯಲಿಲ್ಲ. ನನಗೂ ಹೀಗಾಗುತ್ತದೆಂದು ತಿಳಿದಿರಲಿಲ್ಲ. ಅವಳ ಹೊದಿಕೆಯ ಅಂಚನ್ನು ಸರಿಪಡಿಸುತ್ತ ಹೇಳಿದೆ: "ಆ ದಿನ ನಿನ್ನ ಮೈಕು ನನ್ನ ಹತ್ರ ಇತ್ತು ಕಣೇ. ಈ ಸಲ ನಿನಗೇ ಹಾಕಿಸ್ತೀನಿ."

ಅವಳು ನನ್ನನ್ನು ನೋಡಿದಳು. ಎಡಗೈಯನ್ನು ನನ್ನ ಮುಂದೆ ಚಾಚಿ, ಅಂಗೈ ಬಿಚ್ಚಿ ಹಿಡಿದಳು: ಎಲ್ಲಿ, ಕೊಡು.


ಮಾರ್ಚ್ ೨೩, ಶನಿವಾರ

ಸಭಾಂಗಣಕ್ಕೆ ಹೊಸ ಸುವಾಸನೆಯನ್ನು ಸಿಂಪಡಿಸಿದ್ದರು, ಕೊಳೆತ ಹಣ್ಣಿನಂಥದು. ಅದನ್ನು ಸಹಿಸಲಾರದೆ ನಾನು ಹೊರಗಿನ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಬೇರೆ ಕಾರಣವೇನಿಲ್ಲ.

ಒಳಗೆ ತಂಗಿ, ಅವಳ ಕೊರಳಪಟ್ಟಿಗೆ ಸಿಕ್ಕಿಸಿದ ಮೈಕು, ಮಾತಿನ ಟೀಚರ್, ಕ್ಯಾಮೆರಾ, ಅದರ ಹಿಂದೆ ಅವನು. ಹಿರಿಯ ಬಡಗಿಗೆ ಯಾರೂ ಬರಹೇಳಿರಲಿಲ್ಲ, ಬಂದಿದ್ದರು. ಮೊದಲ ಸಾಲಿನಲ್ಲಿ ಕೈಕಟ್ಟಿ ಕುಳಿತು, ಕ್ಯಾಮೆರಾದವನನ್ನು ದುರುಗುಟ್ಟಿ ನೋಡುತ್ತಿದ್ದರು. ನಿರ್ದೇಶಕಿ ಇನ್ನೂ ಬಂದಿರಲಿಲ್ಲ. ನಾನು ಬರೆದುಕೊಟ್ಟಿದ್ದ ಕಾಗದ ಮನೆಯಲ್ಲೇ ಉಳಿದಿತ್ತು. ತರಲು ಮರೆತೆನೆಂದು ಕಾಣುತ್ತದೆ.

ಬಾಗಿಲು ಅರೆತೆರೆದಿತ್ತು. "ನಿಮಗೆ ಬೇಕಾದಾಗ ಶುರು ಮಾಡಿ ಅಕ್ಕಾ. ನಾನು ನಿಲ್ಲಿಸಲ್ಲ" ಎಂದ ಅವನು.

ಏನೂ ಕೇಳಲಿಲ್ಲ. ನನಗೆ ಪ್ರತಿ ಕ್ಷಣವೂ ಪದಗಳು ನಾಲಿಗೆಯ ತುದಿಗೆ ಬರುತ್ತಿದ್ದವು. "ನಾನು" ಎಂದು ಆರಂಭಿಸಿದರೂ ಆದೀತು, "ನಮಸ್ಕಾರ" ಎಂದರೂ ಆದೀತು, ಒಂದು ಸುಳಿವು ಕೊಟ್ಟರೆ ಸಾಕು. ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡೆ. ಉಣ್ಣೆಯ ಎಳೆಯೊಂದು ಹಲ್ಲಿಗೆ ಸಿಕ್ಕಿತು. ಓಣಿಯಲ್ಲಿ ನೆಲ ಒರೆಸುವವಳು ಬಂದು, ಬಕೆಟ್ಟನ್ನು ಸದ್ದಾಗದಂತೆ ಇಟ್ಟು, ನನ್ನನ್ನು ನೋಡಿ, "ಏನಮ್ಮಾ, ಹಲ್ಲು ನೋವಾ?" ಎಂದು ಸನ್ನೆಯಲ್ಲೇ ಕೇಳಿದಳು. ತಲೆಯಾಡಿಸಿದೆ.

ಆಮೇಲೆ ಒಳಗಿನಿಂದ:

"ನಾನು."

ನಿಶ್ಶಬ್ದ.

"ರ... ರಸ್ತೆ. ರಸ್ತೆ... ಇದೆ."

ಅವಳದೇ ದನಿ. ಮೊದಲಿನಂತೆ ಸ್ವಲ್ಪ ಒಡೆದದ್ದು, ಸ್ವಲ್ಪ ಗಡುಸು; ಎಷ್ಟೋ ಹೆಂಗಸರನ್ನು ಬೀದಿಯ ನಡುವೆ ಧೈರ್ಯವಾಗಿ ಗಾಡಿ ಓಡಿಸುವಂತೆ ಮಾಡಿದ ದನಿ. ಮತ್ತೆ ತುಂಬ ಹೊತ್ತು ಏನೂ ಇಲ್ಲ. ಯಾರೂ ಕೆಮ್ಮಲಿಲ್ಲ. ಕುರ್ಚಿಯೂ ಕಿರುಗುಟ್ಟಲಿಲ್ಲ.

"ನಾನು... ನಿಧಾನ. ಬರ್ತೀನಿ."

"ನಿಧಾನವಾಗಿ" ಎನ್ನಬೇಕು. ಆದರೆ "ನಿಧಾನ" ಎಂದರೂ ತಿಳಿಯುತ್ತದೆ. ಸಾಕು ಅಷ್ಟು.

"ಎಂಬತ್ತೆರಡು" ಎಂದರು ಬಡಗಿ, ಗದ್ಗದವಾಗಿ.

ನಾನು ಕುಳಿತಲ್ಲೇ ಇದ್ದೆ. ಆಗ ಬಾಗಿಲ ಸಂದಿಯಿಂದ, ಸಭಾಂಗಣದ ಆ ತುದಿಯಿಂದ, ಸಿಟ್ಟು ಬಂದಾಗ ಕೂಗುವಂತೆ ತಂಗಿ ಕೂಗಿದಳು:

"ಹಾರ್ನ್! ಬಾ."

ಹೋದೆ. ಆ ಸಿಂಪಡಿಸಿದ ಸುವಾಸನೆಯಿಂದಾಗಿ ಬಾಗಿಲ ಬಳಿಯೇ ನಿಲ್ಲಬೇಕಾಯಿತು. ಅಷ್ಟರಲ್ಲಿ ನಿರ್ದೇಶಕಿ ಏದುಸಿರು ಬಿಡುತ್ತ ಬಂದು ನನ್ನ ಹಿಂದೆ ನಿಂತಳು. "ಆಯ್ತಾ? ಆಯ್ತಾ?" ಎಂದಳು. ಕ್ಯಾಮೆರಾದವನು ಕೈಯೆತ್ತಿ, "ಒಂದು ನಿಮಿಷ. ಯಾರೂ ಮಾತಾಡಬೇಡಿ. ರೂಮಿನ ಸದ್ದು ತಗೋತೀನಿ" ಎಂದ.

ಎಲ್ಲರೂ ಇದ್ದಲ್ಲೇ ನಿಂತೆವು. ನಿಜ, ಆ ನಿಶ್ಶಬ್ದ ಹಿಂದಿನ ಸಲದ್ದಲ್ಲ.


ಏಪ್ರಿಲ್ ೨, ಮಂಗಳವಾರ

ಸಂಗ್ರಹಚಿತ್ರ ಇಂದು ಎಲ್ಲರಿಗೂ ಹೋಯಿತು. ನಮಗೂ ಬಂತು. ತಂಗಿ ನನ್ನ ಫೋನನ್ನು ಕಸಿದುಕೊಂಡು, ಮೇಜಿಗೆ ಒರಗಿಸಿ ನೋಡಿದಳು. ಬಲೂನುಗಳಿವೆ, ರಟ್ಟಿನ ಚೆಕ್ಕಿದೆ, ಕನ್ನಡಕ ಒರೆಸಿಕೊಳ್ಳುವ ಆ ಹೆಂಗಸೂ ಇದ್ದಾಳೆ. ನನ್ನ ನಿರೂಪಣೆ ಬಂದಾಗ ತಂಗಿ ಕೆನ್ನೆ ಊದಿಸಿ, ಹುಬ್ಬು ಮೇಲೇರಿಸಿ ನನ್ನನ್ನೇ ಅಣಕಿಸಿದಳು. ದಾನಿಗಳ ಗುಣಗಾನವನ್ನು ನಾನು ಓದಿದ ಬಗೆ ನನಗೇ ವಾಕರಿಕೆ ತಂದಿತು. ಅದು ಕೊಟ್ಟ ಮಾತು, ಓದಿದ್ದೇನೆ. ಮಧ್ಯಾಹ್ನದ ತರಗತಿ ಉಳಿಯುವುದೋ ಇಲ್ಲವೋ ಇನ್ನೂ ತಿಳಿಯದು. ಉತ್ತರಗಳು ಬರಬೇಕಷ್ಟೆ. ಬರುವವರೆಗೆ ಹೋಗುತ್ತಿರುತ್ತೇವೆ.

ತಂಗಿಯ ಮಾತು ಇಡಿಯಾಗಿ ಇದೆ. ಒಂದು ಉಸಿರನ್ನೂ ಕತ್ತರಿಸಿಲ್ಲ. "ಬರ್ತೀನಿ" ಎಂದ ಮೇಲೆ 'ಹಾರ್ನ್' ಎಂಬ ಕೂಗಿಗೆ ಮೊದಲು ಅವಳ ಮುಖ ಮರೆಯಾಗಿ, ಖಾಲಿ ವೇದಿಕೆ ಕಾಣುತ್ತದೆ. ಅಲ್ಲಿ ಸಂಗೀತ ಹಾಕಿಲ್ಲ. ಆ ಕೋಣೆಯ ನಿಶ್ಶಬ್ದವನ್ನೇ ಹಾಕಿ, ಕೊನೆಯವರೆಗೂ ಬಿಟ್ಟಿದ್ದಾನೆ.

ಕೆಳಗೆ ನಿರ್ದೇಶಕಿ ಬರೆದಿದ್ದಾಳೆ: "ಈ ಮಾತಿಗೆ ಸಭಾಂಗಣದಲ್ಲಿ ನೆರೆದಿದ್ದ ಗಣ್ಯರೆಲ್ಲರೂ ಮೂಕವಿಸ್ಮಿತರಾದರು." ವ್ಯಾಕರಣದ ದೃಷ್ಟಿಯಿಂದ ವಾಕ್ಯ ಸರಿಯಾಗಿದೆ, ನಾನೇ ತಿದ್ದಿದ್ದು. ವಿಷಯ ತಪ್ಪು. ಆ ನಿಶ್ಶಬ್ದದಲ್ಲಿ ಗಣ್ಯರೊಬ್ಬರೂ ಇರಲಿಲ್ಲ. ಚಿತ್ರದಲ್ಲಿ ಯಾರೂ ಕಾಣುವುದಿಲ್ಲವಾದ್ದರಿಂದ, ಉಪಸ್ಥಿತರಿದ್ದವರ ಹೆಸರುಗಳನ್ನು ಇಲ್ಲಿ ದಾಖಲಿಸುತ್ತೇನೆ.

ಕ್ಯಾಮೆರಾದ ಹಿಂದೆ, ಎತ್ತಿದ ಕೈಯನ್ನು ಇಳಿಸಲು ಮರೆತು, ಕನ್ನಡಿ.

ತಂಗಿಯ ಪಕ್ಕದಲ್ಲಿ, ಅವಳ ಕೈಯನ್ನು ಒತ್ತದೆ ಸುಮ್ಮನೆ ಹಿಡಿದುಕೊಂಡು, ಕ್ಲಚ್.

ಮೊದಲ ಸಾಲಿನಲ್ಲಿ, ಒಂದು ಅಂಕಿಯನ್ನೂ ಹೇಳದೆ, ಮೀಟರ್.

ತಡವಾಗಿ ಬಂದು, ಎರಡೂ ಕೈಗಳನ್ನು ಕಟ್ಟಿಕೊಂಡು, ಇಂಡಿಕೇಟರ್.

ನಡುವೆ, ಬೆನ್ನು ನೆಟ್ಟಗಿಲ್ಲದೆ, ಚಾಲಕರ ಸೀಟಿನಲ್ಲಿ ಕುಳಿತಂತೆ ಹಾಯಾಗಿ, ನನ್ನ ತಂಗಿ.

ಬಾಗಿಲ ಬಳಿ, ಬಾಯಿ ಮುಚ್ಚಿಕೊಂಡು, ಹಾರ್ನ್.